ನೂರ ಹನ್ನೆರಡನೇ ಪುಟ, ಏಳನೇ ಸಾಲು

ಲೆಲ್ಡೆ ಅವರೇ,
ನಿಮ್ಮ ಕಾದಂಬರಿ ಓದಿದೆ. ಮೊಮ್ಮಗಳು ತಂದುಕೊಟ್ಟಳು.
ಕುಲ್ದೀಗದ ಗ್ರಂಥಾಲಯದಲ್ಲಿ ಅದಕ್ಕೆ ನಾಲ್ಕು ವಾರದ ಸರದಿಯಂತೆ.
ಕಣ್ಣಿಗೆ ಪೊರೆ; ದಿನಕ್ಕೆ ಆರೇ ಪುಟ, ಕಿಟಕಿ ಪಕ್ಕ,
ನೂರ ಹನ್ನೆರಡರಲ್ಲಿ ಸಿಕ್ಕಿಬಿದ್ದೆ.

ಅಲ್ಲಿ ನಿಮ್ಮ ಹುಡುಗಿ
ರೀಗಾಕ್ಕೆ ಹೋಗುವ ರೈಲಿನಲ್ಲಿ, ಅಪ್ಪನ ಕೋಟಿನ ಜೇಬಿಂದ
ಗೊತಿನ್ಯಾ ಕದ್ದು ತಿನ್ನುತ್ತಾಳೆ.
ಗೊತಿನ್ಯಾ, ಪುಟ್ಟ ಹಸು: ಹಾಲು, ಸಕ್ಕರೆ, ಬೆಣ್ಣೆ,
ಹೊರಗೆ ಗಟ್ಟಿ, ಒಳಗೆ
ಇನ್ನೂ ಮನಸ್ಸು ಮಾಡದ ಹಾಲು.
ಸರಿ.
ಸುತ್ತಿದ ಕಾಗದ ಕೆಂಪು ಅಂದಿದ್ದೀರಿ.
ಎಪ್ಪತ್ತನಾಲ್ಕರಲ್ಲಿ ಕೆಂಪು ಇರಲಿಲ್ಲ, ತಾಯೀ.
ಶಾಯಿ ಬರಲಿಲ್ಲ. ವರ್ಷವಿಡೀ ನಮ್ಮ ಹಸು
ಬೂದು ಕಾಗದದ ಮೇಲೆ ಕಂದಾಗಿಯೇ ಮೇಯಿತು.
ನಾನು ಸುತ್ತಿದವಳು. ಪಾಳಿಗೆ ಹದಿನಾರು ಕಿಲೋ.
ಹೆಬ್ಬೆರಳು ಈಗಲೂ ನಿದ್ದೆಯಲ್ಲಿ
ಹೊದಿಕೆಯ ಅಂಚು ತಿರುಚುತ್ತದೆ.

ಅದು ಹೋಗಲಿ. ಬಣ್ಣ ನಿಮ್ಮದು, ಇಟ್ಟುಕೊಳ್ಳಿ.
ಏಳನೇ ಸಾಲಿಗೆ ಬರುತ್ತೇನೆ:
ನಾಲಗೆಯ ಕೊನೆಗೆ ಹೊಗೆಯ ಒಂದು ಎಳೆ,
ಕಳೆದುಹೋದ ನಾಡಿನ ರುಚಿ.
ಪತ್ರಿಕೆಯಲ್ಲಿ ಯಾರೋ ಪ್ರಾಧ್ಯಾಪಕರು
ಆ ಹೊಗೆಯ ಮೇಲೇ ಒಂದೂವರೆ ಪುಟ ಬರೆದಿದ್ದಾರಂತೆ.
ಅದು ಯುದ್ಧವಂತೆ, ಸುಟ್ಟ ಊರುಗಳಂತೆ,
ಸೈಬೀರಿಯಾಕ್ಕೆ ಜನರನ್ನು ಸಾಗಿಸಿದ ರೈಲಿನದಂತೆ.

ಅದು ನಾನು.

ಫೆಬ್ರವರಿ, ರಾತ್ರಿ ಪಾಳಿ. ಬೀರುತಾಗೆ ಹಲ್ಲುನೋವು,
ಕಡಾಯಿ ನೋಡಿಕೋ ಅಂತ ಸೌಟು ಕೊಟ್ಟು ಹೋದಳು,
ಸುತ್ತುವವಳ ಕೈಗೆ ಸೌಟು!
ನನ್ನ ಏಪ್ರನ್ನಿನೊಳಗೆ ಒಂದು ಪುಸ್ತಕ,
ರಟ್ಟಿಲ್ಲ, ಮೊದಲ ಪುಟಗಳಿಲ್ಲ, ಬರೆದವರ ಹೆಸರಿಲ್ಲ,
ಕೈಯಿಂದ ಕೈಗೆ ಬಂದದ್ದು, ಬೆಳಗಾದರೆ ವಾಪಸು.
ಅದರಲ್ಲೊಬ್ಬ ಹೆಂಗಸು, ಯಾವುದೋ ಬೆಚ್ಚನೆಯ ಸಮುದ್ರದ ಊರು,
ಚಿಕ್ಕಂದು ನೆನೆಸಿಕೊಂಡು ಕಿತ್ತಳೆ ಸುಲಿಯುತ್ತಾಳೆ.
ಮೂರು ಪುಟ, ಬರೀ ಸುಲಿಯುವುದು.
ಸಿಪ್ಪೆಯ ಎಣ್ಣೆ ದೀಪಕ್ಕೆ ಚಿಮ್ಮಿ ಚಟಪಟ ಅನ್ನುತ್ತದೆ.
ಅಲ್ಲಿತನಕ ನಾನು ಕಂಡ ಕಿತ್ತಳೆ ಎರಡು,
ಅದರಲ್ಲೊಂದು ಕೊಳೆತದ್ದು.
ಆದರೂ ನೋಡಿ, ನನ್ನದಲ್ಲದ ಅಂಗಳ, ನನ್ನದಲ್ಲದ ಬಿಸಿಲು
ನೆನೆದು ನೆನೆದು ಗಂಟಲು ಕಟ್ಟಿ ಅಳುತ್ತಾ ನಿಂತಿದ್ದೇನೆ,
ಬೆನ್ನ ಹಿಂದೆ ಪಾಕ
ಎಳೆ ದಾಟಿ, ಉಂಡೆ ದಾಟಿ,
ತಳ ಹಿಡಿಯಿತು.

ಸೀದದ್ದು ಮೂಗಿಗೆ ಬಂದಾಗ ಹೊತ್ತು ಮೀರಿತ್ತು.
ನಲವತ್ತು ಕಿಲೋ. ಚೆಲ್ಲಿದರೆ ಸಂಬಳ, ವಿಚಾರಣೆ,
ಏನು ಓದುತ್ತಿದ್ದೆ ಎಂಬ ಪ್ರಶ್ನೆ.
ತಳ ಕೆರೆಯದೆ ಮೇಲಿನದನ್ನು ಸುರಿದುಕೊಂಡೆವು.
ಬೆಳಕು ಹರಿಯುವವರೆಗೆ ಇಬ್ಬರೂ ಸುತ್ತಿದೆವು,
ಬೀರುತಾ ಊದಿದ ಕೆನ್ನೆಯಲ್ಲಿ, ಒಂದು ಮಾತೂ ಆಡದೆ.
ಆ ಹಸುಗಳು ಸಾಲ್ದುಸ್, ತಾಲ್ಸಿ,
ನಿಲ್ದಾಣದ ಗೂಡಂಗಡಿಗಳು, ಎಲ್ಲೆಲ್ಲಿಗೋ ಹೋದವು.
ನಿಮ್ಮಪ್ಪನ ಜೇಬಿಗೂ ಒಂದು ಹೋಗಿರಬೇಕು,
ನಿಮ್ಮಪ್ಪ ಅಲ್ಲ, ಆ ಹುಡುಗಿಯ ಅಪ್ಪ,
ಎಲ್ಲ ಒಂದೇ.

ದೂರು ಬರುತ್ತದೆಂದು ತಿಂಗಳುಗಟ್ಟಲೆ ಕಾದೆ.
ಬಂದದ್ದು ಇದೇ. ಐವತ್ತು ವರ್ಷ ತಡವಾಗಿ,
ಗಟ್ಟಿ ರಟ್ಟಿನಲ್ಲಿ.

ಪ್ರಾಧ್ಯಾಪಕರಿಗೆ ಹೇಳಬೇಡಿ, ಪಾಪ.
ಅವರು ಹೇಳಿದ ಹೊಗೆಯೂ ಸುಳ್ಳಲ್ಲ;
ನನ್ನ ದೊಡ್ಡಪ್ಪ ಆ ರೈಲಿನಲ್ಲಿ ಹೋದವನು.
ಅವನಿಗೆ ಸಿಹಿ ಸೇರುತ್ತಿರಲಿಲ್ಲ.

ನಾನು ಬರೆದದ್ದು ಬೇರೆ ಕಾರಣಕ್ಕೆ.
ಆ ಪುಸ್ತಕ, ಕಿತ್ತಳೆಯ ಹೆಂಗಸು,
ನೀವು ಓದಿದವರು, ನಿಮಗೆ ಗೊತ್ತಿರಬಹುದು:
ಊರಿಗೆ ಮರಳಿದಳೇ ಅವಳು?
ಇನ್ನೂ ಎಂಬತ್ತು ಪುಟ ಇದ್ದವು. ಬೆಳಗಾಗಿಬಿಟ್ಟಿತು.
ಈಗ ಸಂತೆಯಲ್ಲಿ ಕಿತ್ತಳೆಗೆ ಬರವಿಲ್ಲ.
ಮೊನ್ನೆ ಒಂದು ತಂದೆ, ಸುಲಿದೆ, ಸಿಪ್ಪೆ ಹಿಂಡಿ
ದೀಪಕ್ಕೆ ಹಿಡಿದೆ.
ಬಲ್ಬು. ಎಲ್ಲಿಂದ ಬರಬೇಕು ಚಟಪಟ.

ಇಂತಿ,
ಸ್ಕೈದ್ರೀತೆ,
ನಿವೃತ್ತ, ಸುತ್ತುವ ವಿಭಾಗ.

ಮರೆತೆ: ಬೂದು ಕಾಗದ ಒಂದು ಒಳಗಿಟ್ಟಿದ್ದೇನೆ.
ನೋಡಿ, ವಾಪಸು ಕಳಿಸಿ.